ಬಿಸಿಲಿಗೂ ಬಾಡಿಗೆಯೇ?

ಮಲ್ಲೇಶ್ವರದ ಸಂಪಿಗೆ ರಸ್ತೆಯ ಪಕ್ಕದ ವಠಾರದಲ್ಲಿ ನಾವಿದ್ದಾಗ ತಾರಸಿ ಮಾಲೀಕರದು, ಬಿಸಿಲು ಎಲ್ಲರದು. ಬೇಸಿಗೆ ಬಂತೆಂದರೆ ನಾಲ್ಕೂ ಮನೆಯ ಸಂಡಿಗೆ ಹಳೆಯ ಪಂಚೆಗಳ ಮೇಲೆ ಅಕ್ಕಪಕ್ಕದಲ್ಲೇ ಒಣಗುತ್ತಿತ್ತು. ಯಾರ ಪಾಲು ಎಷ್ಟೆಂಬ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ.

ಈಗ ತಾರಸಿಗಳಿಗೆ ಸೌರಫಲಕ ಬರುತ್ತಿವೆ. 2024ರಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದು, ಮನೆಯೊಂದರ 3 ಕಿಲೋವ್ಯಾಟ್ ಫಲಕಕ್ಕೆ 78,000 ರೂಪಾಯಿ ಸಹಾಯಧನ ಘೋಷಿಸಿತು. ಸಂತೋಷವೇ. ಆದರೆ ಬಾಡಿಗೆ ಮನೆಯಲ್ಲಿರುವವಳು ಫಲಕವನ್ನು ಎಲ್ಲಿಡಬೇಕು? ಕಿಟಕಿಗೆ ಕಟ್ಟಬೇಕೇ?

ದಾರಿ ಇಲ್ಲದಿಲ್ಲ. ಒಂದು ತಾರಸಿಯಲ್ಲಿ ಹುಟ್ಟಿದ ವಿದ್ಯುತ್ತನ್ನು ಹಲವು ಮನೆಗಳ ಬಿಲ್ಲಿನಲ್ಲಿ ಪಾಲಿನ ಪ್ರಕಾರ ಕಳೆಯಬಹುದು. ಮನೆಮನೆಗೆ ಹೊಸ ತಂತಿ ಎಳೆಯಬೇಕಿಲ್ಲ, ಲೆಕ್ಕ ಬರೆದರಾಯಿತು. ವರ್ಚುವಲ್ ನೆಟ್ ಮೀಟರಿಂಗ್ ಎಂಬ ದೊಡ್ಡ ಹೆಸರಿನ ಅರ್ಥ ಇಷ್ಟೇ. ದೆಹಲಿಯಲ್ಲಿ 2019ರಲ್ಲೇ ಇದಕ್ಕೆ ನಿಯಮ ಬಂತು.

“ಇವತ್ತಿದ್ದು ನಾಳೆ ಹೋಗೋ ಬಾಡಿಗೆಯವರಿಗೆ ಇದೆಲ್ಲ ಯಾಕ್ರೀ?” ಎಂದರು ಮಾಲೀಕರೊಬ್ಬರು. ಗ್ಯಾಸ್ ಸಂಪರ್ಕವನ್ನು ಊರಿಂದೂರಿಗೆ ವರ್ಗಾಯಿಸಿಕೊಂಡವರು ನಾವು. ಬಿಸಿಲಿನ ಪಾಲನ್ನು ವರ್ಗಾಯಿಸಲಾರೆವೇ?

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ಉಳ್ಳವರ ಸರದಿ ಮುಗಿದ ಮೇಲೆ ಉಳಿದವರದು ಎಂಬ ಆ ಪದ್ಧತಿ ಬಿಸಿಲಿಗೂ ಬೇಡ.

ನಿಮ್ಮ ಸಂಘದ ಸಭೆಯಲ್ಲಿ ಲಿಫ್ಟು, ನೀರಿನ ಮಾತಿನ ಜೊತೆ ತಾರಸಿಯ ಮಾತನ್ನೂ ಎತ್ತಿ. ಶಾಲೆ, ಛತ್ರಗಳ ಖಾಲಿ ತಾರಸಿಗಳನ್ನೂ ಕೇಳಿ. ನಾವು ಕೇಳುತ್ತಿರುವುದು ದಾನವಲ್ಲ. ದುಡ್ಡು ಹಾಕಿದವಳಿಗೆ ಪಾಲು ಕೊಡಿ ಎನ್ನುತ್ತಿದ್ದೇವೆ, ಅಷ್ಟೇ.