ಗೇರ್ ಜಾರುವುದು ಯಾವಾಗ?

ಹೋದ ವರ್ಷ ಜುಲೈನ ಒಂದು ಭಾನುವಾರ ಬೆಳಿಗ್ಗೆ ಸೈಕಲ್ ಮೇಲೆ ಕಾತ್ರಜ್‌ನ ಹಳೇ ಘಾಟ್ ಹತ್ತುತ್ತಿದ್ದೆ. ಮಳೆ ನಿಂತಿತ್ತು, ರಸ್ತೆ ಮಾತ್ರ ಒದ್ದೆ. ಒಂದು ತಿರುವಿನಲ್ಲಿ ಉಸಿರು ಸಾಲದೆ ಸೀಟಿನಿಂದ ಎದ್ದು ನಿಂತು ಬಲಗಾಲಿನ ಮೇಲೆ ಮೈಭಾರವೆಲ್ಲ ಹಾಕಿದೆ ನೋಡಿ, 'ಟಕ್' ಅಂತ ಸದ್ದಾಗಿ ಪೆಡಲ್ ಕೆಳಗೆ ಆಧಾರವೇ ಇಲ್ಲದಂತೆ ಕುಸಿಯಿತು. ಮೊಣಕಾಲು ಹ್ಯಾಂಡಲ್‌ಗೆ ಬಡಿದು ನಾನು ಬಲಕ್ಕೆ, ಅಂದರೆ ರಸ್ತೆಯ ನಡುವಿಗೇ ಬಿದ್ದೆ. ಹಿಂದೆ ಬರುತ್ತಿದ್ದ ತರಕಾರಿ ಟೆಂಪೋದವನು ಬ್ರೇಕ್ ಹಾಕಿದ. ಹಾಕದಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಮೊಣಕಾಲಿಗೆ ಆರು ಹೊಲಿಗೆ. ಮನೆಗೆ ಬಂದ ಮೇಲೆ "ಈ ವಯಸ್ಸಿನ್ಯಾಗ ಇದೆಲ್ಲಾ ಬೇಕಿತ್ತೇನ್ರೀ?" ಅನ್ನುವ ಪ್ರಶ್ನೆ ಬೇರೆ. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ವಿಷಯ ಏನಪ್ಪಾ ಅಂದರೆ, ಗೇರ್ ಜಾರುತ್ತದೆ ಅಂತ ಅದೇ ಸೈಕಲ್ಲನ್ನು ನಾನು ಆ ಎರಡು ತಿಂಗಳಲ್ಲಿ ಎರಡು ಸಲ ಅಂಗಡಿಗೆ ಒಯ್ದಿದ್ದೆ. ಎರಡು ಸಲವೂ ಹುಡುಗ ಹಿಂದಿನ ಚಕ್ರ ಎತ್ತಿ, ಪೆಡಲ್ ತಿರುಗಿಸಿ, ಸ್ಕ್ರೂಡ್ರೈವರಿನಿಂದ ಅದೇನೋ ತಿರುವಿ "ಝಾಲಾ ಕಾಕಾ, ಸೆಟಿಂಗ್ ಕೇಲಾ" ಅಂದ. ನಾನೂ ನೂರು ರೂಪಾಯಿ ಕೊಟ್ಟು ಬಂದೆ. ಬಿದ್ದ ಮೇಲೆ ಮೂರನೇ ಸಲ ಹೋದಾಗ ಮಾಲೀಕರೇ ಬಂದು "ಪೂರ್ಣ ಸೆಟ್ ಬದಲಾವಾ ಲಾಗೇಲ್" ಅಂದರು. ಚೈನು, ಹಿಂದಿನ ಹಲ್ಲುಚಕ್ರಗಳು, ಡಿರೇಲರ್, ಶಿಫ್ಟರ್, ಕೇಬಲ್, ಎಲ್ಲಾ ಸೇರಿ ನಾಲ್ಕು ಸಾವಿರದ ಇನ್ನೂರು. ನೂರು ರೂಪಾಯಿಯ 'ಸೆಟಿಂಗ್'ನಿಂದ ನೇರವಾಗಿ ನಾಲ್ಕು ಸಾವಿರಕ್ಕೆ! ಈ ಎರಡರ ನಡುವೆ ಒಂದು ಪ್ರಶ್ನೆ ಇತ್ತು, ಅದನ್ನು ಯಾರೂ ಕೇಳಲಿಲ್ಲ. ನಾನೂ ತಾನಾಗಿ ಹೇಳಲಿಲ್ಲ. "ಯಾವಾಗ ಜಾರುತ್ತದೆ?" ಅನ್ನುವುದೇ ಆ ಪ್ರಶ್ನೆ.

ಮೂವತ್ತು ವರ್ಷದ ಬ್ಯಾಂಕ್ ಕೆಲಸದಲ್ಲಿ ನೋಡಿದ್ದೇನೆ, ತಾಳೆಯಾಗದ ಮೊತ್ತವನ್ನೆಲ್ಲ ಸಸ್ಪೆನ್ಸ್ ಅಕೌಂಟಿಗೆ ತಳ್ಳಿ ಮನೆಗೆ ಹೋಗುವವರಿರುತ್ತಾರೆ. ಸೈಕಲ್ ಅಂಗಡಿಯಲ್ಲಿ 'ಸೆಟಿಂಗ್' ಅನ್ನುವುದು ಅಂಥದ್ದೇ ಒಂದು ಖಾತೆ. ಗೇರ್ ಜಾರುವುದು ಒಂದು ರೋಗವಲ್ಲ, ನಾಲ್ಕೈದು ರೋಗಗಳಿಗೆ ನಾವು ಇಟ್ಟಿರುವ ಒಂದೇ ಹೆಸರು.

ಕ್ಲಿಕ್ ಒತ್ತಿದರೆ ಚೈನು ಪಕ್ಕದ ಹಲ್ಲುಚಕ್ರಕ್ಕೆ ಪೂರ್ತಿ ಹೋಗದೆ ಅಲ್ಲೇ ಕಟಕಟ ಅನ್ನುತ್ತಿದ್ದರೆ ಅದು ಕೇಬಲ್ ಸಡಿಲವಾದ ಲಕ್ಷಣ. ನಮ್ಮ ಕ್ಲಿಕ್ ಗೇರುಗಳಲ್ಲಿ ಒಂದು ಕ್ಲಿಕ್ಕಿಗೆ ತಂತಿ ಎಳೆಯುವುದು ಸುಮಾರು 3 ಮಿಲಿಮೀಟರ್ ಮಾತ್ರ, ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೂ ಲೆಕ್ಕ ತಪ್ಪುತ್ತದೆ. ತಂತಿ ಒಳಹೋಗುವ ಜಾಗದಲ್ಲಿ ಬೆರಳಿನಿಂದ ತಿರುಗಿಸುವ ಒಂದು ಸಣ್ಣ ಗುಬಟು ಇರುತ್ತದೆ. ದೊಡ್ಡ ಚಕ್ರಕ್ಕೆ ಏರಲು ಚೈನು ಹಿಂದೇಟು ಹಾಕಿದರೆ ಆ ಗುಬಟನ್ನು ಕಾಲು ಸುತ್ತು, ಅರ್ಧ ಸುತ್ತು ಬಿಚ್ಚಿದರೆ ತಂತಿ ಬಿಗಿಯಾಗುತ್ತದೆ. ಖರ್ಚು ಸೊನ್ನೆ. ಏರುವುದು ಸರಿಯಿದ್ದು ಇಳಿಯುವಾಗ ಮಾತ್ರ ತಡವಾದರೆ, ಮಳೆಗಾಲದ ಕೆಸರು ಹೊರಕೊಳವೆಯ ಒಳಗೆ ಸೇರಿ ತಂತಿ ತುಕ್ಕು ಹಿಡಿದಿರಬಹುದು. ಆಗ ಎಷ್ಟು ತಿರುಗಿಸಿದರೂ ವ್ಯರ್ಥ, ತಂತಿ ಮತ್ತು ಕೊಳವೆ ಎರಡನ್ನೂ ಬದಲಿಸಬೇಕು.

ಕೆಲವು ಗೇರು ಸರಿ, ಕೆಲವು ತಪ್ಪು, ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ ಅಂದರೆ ಸೈಕಲ್ಲಿನ ಹಿಂದೆ ಕೂತು ನೋಡಿ. ಡಿರೇಲರಿನ ಎರಡು ಪುಟ್ಟ ಗಾಲಿಗಳು ಹಲ್ಲುಚಕ್ರದ ಕೆಳಗೆ ನೇರವಾಗಿ ನೇತಾಡಬೇಕು. ವಾರೆಯಾಗಿದ್ದರೆ ಅದನ್ನು ಹಿಡಿದಿರುವ ತುಂಡು, ಹ್ಯಾಂಗರ್, ಬಾಗಿದೆ. ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದರ ಮೇಲೊಂದು ಒರಗಿಸಿದ ಸೈಕಲ್‌ಗಳು ಬಲಕ್ಕೆ ಬಿದ್ದಾಗೆಲ್ಲ ಆಗುವುದು ಇದೇ. ಇನ್ನು ಯಾವ ಗೇರಿನಲ್ಲಿದ್ದರೂ, ಭಾರ ಹಾಕದಿದ್ದರೂ, ಕೆಲವು ಸುತ್ತಿಗೊಮ್ಮೆ ತಪ್ಪದೆ ಒಂದು ಕುಟುಕು ಬಂದರೆ ಚೈನಿನ ಯಾವುದೋ ಒಂದು ಕೊಂಡಿ ಬಿಗಿದಿದೆ. ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸುತ್ತಾ ಆ ಪುಟ್ಟ ಗಾಲಿಗಳನ್ನೇ ನೋಡುತ್ತಿದ್ದರೆ ಕೊಂಡಿ ತಾನಾಗಿ ಸಿಕ್ಕಿಬೀಳುತ್ತದೆ.

ನನ್ನದು ಇವು ಯಾವುದೂ ಅಲ್ಲ. ಅಂಗಡಿಯಲ್ಲಿ ಚಕ್ರ ಎತ್ತಿ ತಿರುಗಿಸಿದಾಗ ಎಲ್ಲಾ ಸುಸೂತ್ರ. ಭಾರ ಬಿದ್ದಾಗ ಮಾತ್ರ ಟಕ್. ಇದು ಸವಕಳಿ, ಇದರಲ್ಲಿ ಸ್ಕ್ರೂ ತಿರುಗಿಸುವುದಕ್ಕೆ ಏನೂ ಇಲ್ಲ. ಚಕ್ರ ಎತ್ತಿ ಪರೀಕ್ಷೆ ಮಾಡುವವನಿಗೆ ಈ ರೋಗ ಕಾಣುವುದೂ ಇಲ್ಲ, ಯಾಕೆಂದರೆ ಕಾಣಬೇಕಾದರೆ ಪೆಡಲ್ ಮೇಲೆ ಎಪ್ಪತ್ತೆಂಟು ಕಿಲೋದ ಒಬ್ಬ ಮನುಷ್ಯ ನಿಂತಿರಬೇಕು!

ಮೊಣಕಾಲು ಮಡಚಲಾಗದೆ ಮನೆಯಲ್ಲಿ ಕೂತಿದ್ದಾಗ ನಾನೇ ಅಳೆದೆ. ಚೈನಿನ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, 12.7 ಮಿಲಿಮೀಟರ್. ಹಾಗಾಗಿ ಹೊಸ ಚೈನಿನಲ್ಲಿ 24 ಕೊಂಡಿ ಅಂದರೆ ಕರಾರುವಾಕ್ಕಾಗಿ 12 ಇಂಚು. ಸ್ಟೀಲ್ ಟೇಪು ಸಾಕು, ಆದರೆ ತುದಿಯ ಕೊಕ್ಕೆ ಆಡುವುದರಿಂದ ಸೊನ್ನೆಯಿಂದ ಅಳೆಯಬೇಡಿ, 1ರ ಗೆರೆಯನ್ನು ಒಂದು ಪಿನ್ನಿನ ನಡುವೆ ಇಟ್ಟು 13ರ ಹತ್ತಿರ ನೋಡಿ. ಪಿನ್ನು 13ರ ಮೇಲೇ ಇದ್ದರೆ ಚೈನು ಗಟ್ಟಿ. ಒಂದು ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನು ಬದಲಿಸಿ, ಹಲ್ಲುಚಕ್ರಗಳು ಉಳಿಯುತ್ತವೆ. ಎಂಟನೇ ಒಂದು ಭಾಗ ದಾಟಿದ್ದರೆ ಹಲ್ಲುಗಳೂ ಹೋಗಿವೆ ಅಂತಲೇ ಲೆಕ್ಕ. ಚೈನು ಉದ್ದವಾಗುವುದು ಕಬ್ಬಿಣ ಹಿಗ್ಗಿ ಅಲ್ಲ, ಪ್ರತಿ ಪಿನ್ನೂ ತನ್ನ ತೂತಿನಲ್ಲಿ ಚೂರು ಚೂರು ಸವೆದು. ಉದ್ದವಾದ ಚೈನು ಹಲ್ಲುಗಳನ್ನೂ ತನ್ನ ಅಳತೆಗೆ ಕೆರೆದುಕೊಳ್ಳುತ್ತದೆ. ಕೊನೆಗೆ ಹಲ್ಲಿನ ಆಕಾರ ಕೆಟ್ಟು, ಬಲ ಹಾಕಿದಾಗ ಚೈನು ಅದರ ಮೇಲೇರಿ ಜಿಗಿಯುತ್ತದೆ.

ನನ್ನದು ಎಂಟನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು. ಆದರೂ ಜಿಪುಣತನ ಬಿಡಬೇಕಲ್ಲ, ಬರೀ ಚೈನು ತಂದು ಹಾಕಿಸಿದೆ. ಆಗ ಜಾರುವುದು ಹೆಚ್ಚಾಯಿತು! ಹಳೇ ಚೈನು, ಹಳೇ ಹಲ್ಲು ಹೇಗೋ ಹೊಂದಿಕೊಂಡು ಸಂಸಾರ ಮಾಡುತ್ತಿದ್ದವು, ಹೊಸ ಸೊಸೆ ಬಂದು ಎಲ್ಲಾ ಬಯಲಾಯಿತು. ಅದೂ ಹಿಂದಿನ ನಾಲ್ಕು ಮತ್ತು ಐದನೇ ಚಕ್ರಗಳಲ್ಲಿ ಮಾತ್ರ. ಯಾಕೆ ಅಂದರೆ 21 ಗೇರಿನ ಸೈಕಲ್ ತಗೊಂಡು ಘಾಟ್ ಇರಲಿ, ಬಯಲಿರಲಿ ನಾನು ಓಡಿಸಿದ್ದು ಬಹುಪಾಲು ಆ ಎರಡರಲ್ಲೇ. ಕೊನೆಗೆ ಹಿಂದಿನ ಫ್ರೀವೀಲನ್ನೂ ಬದಲಿಸಿದೆ. ಎರಡೂ ಸೇರಿ, ಕೂಲಿಯೂ ಸೇರಿ, ಸಾವಿರದ ಮುನ್ನೂರ ಎಂಬತ್ತು. ಡಿರೇಲರ್, ಶಿಫ್ಟರ್, ಕೇಬಲ್ ಎಲ್ಲಾ ಹಳೆಯವೇ, ಇವತ್ತಿಗೂ ಸರಿಯಾಗಿವೆ. ಅಂದರೆ ಅಂಗಡಿಯವರು ಹೇಳಿದ್ದರಲ್ಲಿ ಸರಿಸುಮಾರು ಮೂರನೇ ಒಂದು ಭಾಗ ನಿಜ. ಪೂರ್ತಿ ಸುಳ್ಳು ಅಂದರೆ ನನಗೇ ಅನ್ಯಾಯ ಅನ್ನಿಸುತ್ತದೆ.

ಆ 'ಸೆಟಿಂಗ್'ನಲ್ಲಿ ಹುಡುಗ ತಿರುವಿದ್ದು ಏನು ಅಂತ ಆಮೇಲೆ ತಿಳಿಯಿತು, ಎಚ್ ಮತ್ತು ಎಲ್ ಅಂತ ಬರೆದ ಎರಡು ಸ್ಕ್ರೂಗಳು. ಅವು ಚೈನು ಎರಡೂ ಕೊನೆಯಲ್ಲಿ ಆಚೆ ಹೋಗದಂತೆ ತಡೆಯುವ ಗಡಿಕಲ್ಲುಗಳು ಅಷ್ಟೇ, ನಡುವಿನ ಗೇರುಗಳು ಜಾರುವುದಕ್ಕೂ ಅವಕ್ಕೂ ಸಂಬಂಧವಿಲ್ಲ. ಎಲ್ ಸ್ಕ್ರೂ ಜಾಸ್ತಿ ಸಡಿಲವಾದರೆ ಚೈನು ದೊಡ್ಡ ಚಕ್ರ ದಾಟಿ ಸ್ಪೋಕುಗಳೊಳಗೆ ಬೀಳುತ್ತದೆ. ಗೊತ್ತಿಲ್ಲದಿದ್ದರೆ ದಯವಿಟ್ಟು ಮುಟ್ಟಬೇಡಿ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಮ್ಮ ಮೇಲೇ. ಅವನು ಟೇಪು ಹಿಡಿದು ಹತ್ತು ನಿಮಿಷ ನೋಡಿ, ಸವಾರಿ ಮಾಡಿ ಬಂದು, "ಕಾಕಾ, ಇದು ಸೆಟಿಂಗ್ ಅಲ್ಲ, ಚೈನು ಮತ್ತು ಫ್ರೀವೀಲ್, ಇವತ್ತು ಘಾಟ್ ಹತ್ತಬೇಡಿ, ನೋಡಿದ್ದಕ್ಕೆ ನೂರೈವತ್ತು ಕೊಡಿ" ಅಂದಿದ್ದರೆ ನಾನು ಕೊಡುತ್ತಿದ್ದೆನೇ? "ಏನೂ ಮಾಡದೇ ನೂರೈವತ್ತಾ?" ಅಂತ ಜಗಳ ತೆಗೆಯುತ್ತಿದ್ದೆ. ಡಾಕ್ಟರಿಗೆ ನಾಲಿಗೆ ತೋರಿಸಿದ್ದಕ್ಕೆ ಐನೂರು ಕೊಟ್ಟು ಬರುವವರು ನಾವು. ಮೆಕ್ಯಾನಿಕ್ಕಿಗೆ ಮಾತ್ರ ಸ್ಕ್ರೂ ತಿರುಗಿಸಿದರೆ ಇಲ್ಲವೇ ಸಾಮಾನು ಮಾರಿದರೆ ದುಡ್ಡು. ಹಾಗಾದರೆ ಅವನು ಆ ಎರಡನ್ನೇ ಮಾಡುತ್ತಾನೆ, ಮತ್ತೇನು? ನೋಡುವುದಕ್ಕೆ ಬೇರೆ ದರ ಅಂತ ಅಂಗಡಿಗಳು ಬೋರ್ಡ್ ಹಾಕಲಿ, ನಾವು ಗೊಣಗದೆ ಕೊಡೋಣ. ಜೊತೆಗೆ ಹೊಸ ಸೈಕಲ್ ಮಾರುವಾಗ ಬಾಟಲ್, ಬೆಲ್ಲು ಕೊಡುವ ಬದಲು ಚೈನು ಟೈರಿನ ಹಾಗೆಯೇ ಸವೆಯುವ ಸಾಮಾನು, ಅಳೆಯುತ್ತಿರಿ ಅಂತ ಒಂದು ಮಾತು ಹೇಳಲಿ. ನನಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ಮೂರನೇ ಮಹಡಿಯ ಹುಡುಗ ಬಂದು "ಅಂಕಲ್, ನನ್ನ ಗೇರೂ ಸ್ಲಿಪ್ ಆಗುತ್ತೆ" ಅಂದ. ಯಾವಾಗ ಅಂತ ಕೇಳಿದೆ. ತಲೆ ಕೆರೆದುಕೊಂಡ, ಗೊತ್ತಿಲ್ಲ. ಓಡಿಸಿ ನೋಡಿಕೊಂಡು ಬಾ, ಆದರೆ ಎದ್ದು ನಿಂತು ಪೆಡಲ್ ಮಾಡಬೇಡ ಅಂತ ಹೇಳಿ ಕಳಿಸಿದ್ದೇನೆ.