ಬೆಳೆಯುವ ಊರಿಗೆ ಮುನ್ನೋಟ

ಗೃಹಸ್ಥನೊಬ್ಬನು ಮನೆ ಕಟ್ಟಲು ಹೊರಟಾಗ ನೀರಿನ ಆಸರೆ ಎಲ್ಲಿದೆ, ಮಳೆಯ ನೀರು ಯಾವ ಕಡೆಗೆ ಹರಿದುಹೋಗುತ್ತದೆ, ಮಕ್ಕಳು ದೊಡ್ಡವರಾದಾಗ ಇನ್ನೊಂದು ಕೋಣೆಗೆ ಸ್ಥಳವುಂಟೇ ಎಂಬುದನ್ನು ಮೊದಲು ವಿಚಾರಿಸುತ್ತಾನೆ. ಗೋಡೆಯ ಬಣ್ಣದ ಯೋಚನೆ ಅವನಿಗೆ ಬರುವುದು ಕೊನೆಯಲ್ಲಿ. ನಾಲ್ಕೈದು ಮಂದಿಯ ಮನೆಗೇ ಇಷ್ಟು ಮುಂದಾಲೋಚನೆ ಬೇಕಾದರೆ, ಲಕ್ಷಾಂತರ ಜನರು ಬಾಳಬೇಕಾದ ನಗರಕ್ಕೆ ಇನ್ನೆಷ್ಟು ಬೇಕು! ಆದರೂ ಅನೇಕ ಊರುಗಳು ಮೊದಲು ಬೆಳೆದು, ಆಮೇಲೆ ಯೋಚಿಸುತ್ತವೆ. ಸಣ್ಣ ನಗರವೊಂದು ಅವಸರದಿಂದ ಬೆಳೆಯತೊಡಗಿದಾಗ ಈ ಅಪಾಯ ಮತ್ತಷ್ಟು ಹೆಚ್ಚು.

ತುಮಕೂರು ಅಂಥದೊಂದು ನಗರ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಯ ಮೇಲೆಯೂ ರೈಲುಮಾರ್ಗದ ಮೇಲೆಯೂ ಇರುವ ಈ ಊರಿನ ಜನಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು ಎರಡೂವರೆ ಲಕ್ಷವಿದ್ದುದು, 2011ರ ವೇಳೆಗೆ ಮೂರು ಲಕ್ಷವನ್ನು ದಾಟಿತು. ಸಮೀಪದ ವಸಂತನರಸಾಪುರದಲ್ಲಿ ವಿಶಾಲವಾದ ಕೈಗಾರಿಕಾ ಪ್ರದೇಶವಿದೆ. ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೊಂದು 2023ರಲ್ಲಿ ಉದ್ಘಾಟನೆಗೊಂಡಿತು. ಇದೆಲ್ಲವೂ ಸಂತೋಷದ ಸಂಗತಿಯೇ. ಹಳ್ಳಿಯ ಯುವಕರಿಗೆ ಮನೆಯ ಹತ್ತಿರವೇ ಉದ್ಯೋಗ ದೊರೆಯುವುದಾದರೆ ಅದಕ್ಕಿಂತ ಮಿಗಿಲಾದುದು ಯಾವುದು? ಬೆಳವಣಿಗೆಯನ್ನು ತಡೆಯಬೇಕೆಂದು ಯಾರೂ ಹೇಳುವುದಿಲ್ಲ. ಆ ಬೆಳವಣಿಗೆಗೆ ದಾರಿಯನ್ನು ಮೊದಲೇ ಸಿದ್ಧಪಡಿಸಬೇಕೆಂಬುದೇ ಇಲ್ಲಿನ ವಿಚಾರ.

ನಗರಯೋಜನೆಯೆಂದರೆ ಬಣ್ಣಬಣ್ಣದ ನಕ್ಷೆಯೊಂದನ್ನು ಬರೆದು ಕಚೇರಿಯ ಗೋಡೆಗೆ ತೂಗುಹಾಕುವುದೆಂದು ಕೆಲವರು ಭಾವಿಸುತ್ತಾರೆ. ವಾಸ್ತವವಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಿರ್ಧರಿಸುವುದೇ ಯೋಜನೆಯ ಜೀವಾಳ. ಕಿರಿದಾದ ಕಟ್ಟಡವನ್ನು ಕೆಡವಿ ಮತ್ತೆ ಕಟ್ಟಬಹುದು. ಹಾಳಾದ ರಸ್ತೆಯನ್ನು ದುರಸ್ತಿ ಮಾಡಬಹುದು. ಆದರೆ ಮುಚ್ಚಿಹೋದ ಕೆರೆ, ಮನೆಗಳ ಅಡಿಯಲ್ಲಿ ಮರೆಯಾದ ರಾಜಕಾಲುವೆ, ನಿವೇಶನಗಳಾಗಿ ಹಂಚಿಹೋದ ಬಯಲು ಸುಲಭವಾಗಿ ಹಿಂದಿರುಗಿ ಬರುವುದಿಲ್ಲ. ಒಮ್ಮೆ ಕಳೆದುಕೊಂಡರೆ ಮರಳಿ ಪಡೆಯಲಾಗದ ವಸ್ತುಗಳನ್ನು ಮೊದಲು ರಕ್ಷಿಸಬೇಕು. ಉಳಿದವುಗಳ ಸರದಿ ಅನಂತರದ್ದು.

ಇವುಗಳಲ್ಲಿ ನೀರಿಗೆ ಅಗ್ರಸ್ಥಾನ. ತುಮಕೂರಿಗೆ ಕುಡಿಯುವ ನೀರು ದೊರೆಯುವುದು ಬಹುಮಟ್ಟಿಗೆ ಹೇಮಾವತಿ ನದಿಯಿಂದ. ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ಹರಿದುಬರುವ ನೀರು ಬುಗುಡನಹಳ್ಳಿಯ ಕೆರೆಯಲ್ಲಿ ಸಂಗ್ರಹವಾಗಿ ನಗರವನ್ನು ಸೇರುತ್ತದೆ. ಹೇಮಾವತಿ ಕಾವೇರಿಯ ಉಪನದಿ. ಕಾವೇರಿಯ ನೀರಿನಲ್ಲಿ ಯಾವ ರಾಜ್ಯದ ಪಾಲು ಎಷ್ಟೆಂಬುದನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಆ ಪಾಲಿನಲ್ಲಿಯೇ ರೈತನ ಗದ್ದೆಯೂ ನಗರದ ನಲ್ಲಿಯೂ ತೃಪ್ತಿಪಡಬೇಕು. ಊರು ಬೆಳೆದಂತೆಲ್ಲ ನದಿ ಬೆಳೆಯುವುದಿಲ್ಲ. ಹೀಗಿರುವಾಗ ಊರಿನೊಳಗಿನ ಅಮಾನಿಕೆರೆಯಂತಹ ಜಲಾಶಯಗಳನ್ನೂ, ಅವುಗಳಿಗೆ ಮಳೆನೀರನ್ನು ತರುವ ಕಾಲುವೆಗಳನ್ನೂ ಕಾಪಾಡಿಕೊಳ್ಳುವುದು ಅಲಂಕಾರದ ಮಾತಲ್ಲ; ಅದು ಅಳಿವು ಉಳಿವಿನ ಪ್ರಶ್ನೆ.

ನೆರೆಯ ಬೆಂಗಳೂರು ಈ ವಿಷಯದಲ್ಲಿ ಕಣ್ತೆರೆಸುವ ಪಾಠವಾಗಿದೆ. ಅಲ್ಲಿನ ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಇಂದು ಕೆಂಪೇಗೌಡ ಬಸ್ಸು ನಿಲ್ದಾಣವಿದೆ; ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ನಿಲ್ದಾಣವೂ ಕ್ರೀಡಾಂಗಣವೂ ಜನರಿಗೆ ಬೇಕಾದವುಗಳೇ. ಆದರೆ ಅವುಗಳಿಗೆ ಕೆರೆಯ ಅಂಗಳವೇ ಬೇಕಾಗಿತ್ತೇ? 2022ರ ಮಳೆಗಾಲದಲ್ಲಿ ಆ ಮಹಾನಗರದ ಹಲವು ಬಡಾವಣೆಗಳು ಜಲಾವೃತವಾದವು. 2024ರ ಬೇಸಿಗೆಯಲ್ಲಿ ಅದೇ ನಗರದ ಜನರು ಟ್ಯಾಂಕರು ನೀರಿಗಾಗಿ ಕಾಯಬೇಕಾಯಿತು. ನೀರು ನಿಲ್ಲಲು ಸ್ಥಳವಿಲ್ಲದ ಊರಿಗೆ ನೆರೆಯೂ ಬರಗಾಲವೂ ಒಂದರ ಹಿಂದೆ ಒಂದಾಗಿ ಬರುತ್ತವೆ.

ಇದಕ್ಕೆ ಪ್ರತಿಯಾಗಿ ಮೈಸೂರಿನ ಉದಾಹರಣೆಯನ್ನು ನೋಡಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗಿನ ಹಾವಳಿಯಿಂದ ಆ ಊರು ತತ್ತರಿಸಿತು. ಇಕ್ಕಟ್ಟಾದ ಗಲ್ಲಿಗಳಲ್ಲಿ ಗಾಳಿ ಬೆಳಕುಗಳಿಲ್ಲದೆ ಬಾಳುವುದು ಎಷ್ಟು ಅಪಾಯಕರವೆಂಬುದು ಆಗ ಅರಿವಾಯಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ದೇಶದಲ್ಲಿ ಅಂಥ ಮೊದಮೊದಲಿನ ಸಂಸ್ಥೆಗಳಲ್ಲಿ ಅದೂ ಒಂದು. ಮೈಸೂರಿನ ಜನಸಂಖ್ಯೆ ಆಗಿನ್ನೂ ಒಂದು ಲಕ್ಷವನ್ನು ಮುಟ್ಟಿರಲಿಲ್ಲವೆಂಬುದು ಗಮನಾರ್ಹ. ಊರು ಚಿಕ್ಕದಾಗಿದ್ದಾಗಲೇ ಹೊಸ ಬಡಾವಣೆಗಳಿಗೂ ಅಗಲವಾದ ಬೀದಿಗಳಿಗೂ ಸ್ಥಳ ಮಾಡಿಕೊಟ್ಟವರ ಮುಂದಾಲೋಚನೆಯ ಫಲವನ್ನು ಅವರ ಮರಿಮಕ್ಕಳು ಉಣ್ಣುತ್ತಿದ್ದಾರೆ.

ಯೋಜನೆಗೆ ಆಕ್ಷೇಪಗಳೂ ಉಂಟು. ಅದು ಜಮೀನಿನ ಒಡೆಯನ ಕೈಯನ್ನು ಕಟ್ಟಿಹಾಕುತ್ತದೆ, ಉದ್ಯಮಗಳನ್ನು ದೂರ ಓಡಿಸುತ್ತದೆ ಎಂಬ ಮಾತು ಕೇಳಿಬರುತ್ತದೆ. ಊರಂಚಿನ ರೈತನು ತನ್ನ ಭೂಮಿಯನ್ನು ಕಳೆದುಕೊಳ್ಳುವ ಭಯವಂತೂ ನಿಜವಾದುದು. ಅವನಿಗೆ ನ್ಯಾಯವಾದ ಬೆಲೆಯೂ ಬದಲಿ ಬದುಕೂ ದೊರೆಯದಿದ್ದರೆ ಆ ಯೋಜನೆ ಅನ್ಯಾಯದ ಯೋಜನೆಯೇ ಸರಿ. ಆದರೆ ಯೋಜನೆಯಿಲ್ಲದ ಊರಿನಲ್ಲಿ ಬಡವನ ಪಾಡೇನು? ಉಳ್ಳವನು ಕೊಳವೆಬಾವಿ ತೋಡಿಸಿಕೊಳ್ಳುತ್ತಾನೆ. ಎತ್ತರದ ನೆಲವನ್ನು ಆರಿಸಿಕೊಳ್ಳುತ್ತಾನೆ. ಕೂಲಿಗಾಗಿ ಬಂದವನಿಗೆ ಉಳಿಯುವುದು ಚರಂಡಿಯ ಅಂಚು, ಕೆರೆಯ ತಗ್ಗು. ಮೊದಲ ಜೋರುಮಳೆಗೆ ನೀರು ನುಗ್ಗುವುದು ಅವನ ಗುಡಿಸಲಿಗೇ.

ಕಾನೂನಿನ ಕೊರತೆ ಇಲ್ಲಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರಷ್ಟು ಹಿಂದೆಯೇ ರಚಿತವಾಯಿತು. ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕೆಂದು ಅದು ವಿಧಿಸುತ್ತದೆ. 1992ರ ಎಪ್ಪತ್ತನಾಲ್ಕನೆಯ ಸಂವಿಧಾನ ತಿದ್ದುಪಡಿಯು ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ವಿಷಯಗಳ ಪಟ್ಟಿಯಲ್ಲಿ ನಗರಯೋಜನೆಯನ್ನೇ ಮೊದಲಿಗೆ ಇರಿಸಿದೆ. ಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ತಮ್ಮ ಆಕ್ಷೇಪ ಸಲಹೆಗಳನ್ನು ಸಲ್ಲಿಸುವ ಅವಕಾಶವೂ ಇದೆ. ಆದರೆ ಆ ಕರಡನ್ನು ಓದುವವರು ಎಷ್ಟು ಮಂದಿ? ತಮ್ಮ ಬೀದಿಯ ಮಳೆನೀರು ಯಾವ ಕೆರೆಗೆ ಸೇರುತ್ತದೆಂದು ಬಲ್ಲವರು ಎಷ್ಟು ಮಂದಿ? ಜನರು ಮೌನವಾಗಿದ್ದರೆ ನಕ್ಷೆಯ ಮೇಲಿನ ಹಸಿರು ಬಣ್ಣ ಸದ್ದಿಲ್ಲದೆ ಮಾಸಿಹೋಗುತ್ತದೆ.

ಬಾಯಾರಿದಾಗ ಬಾವಿ ತೋಡಬಾರದೆಂದು ಹಿರಿಯರು ಎಚ್ಚರಿಸಿದ್ದಾರೆ. ಬೆಳೆಯುತ್ತಿರುವ ಸಣ್ಣ ನಗರಗಳಿಗೆ ಬಾಯಾರಿಕೆ ಇನ್ನೂ ತೀವ್ರವಾಗಿಲ್ಲ. ಬಾವಿ ತೋಡಲು ಕಾಲವೂ ಸ್ಥಳವೂ ಉಳಿದಿವೆ. ಇಂದು ಶಾಲೆಯಲ್ಲಿ ಕಲಿಯುತ್ತಿರುವ ಮಕ್ಕಳು ಮಧ್ಯವಯಸ್ಸಿಗೆ ಬರುವ ಹೊತ್ತಿಗೆ ಈ ಊರುಗಳು ಎಷ್ಟೋ ಪಾಲು ದೊಡ್ಡವಾಗಿರುತ್ತವೆ. ಅಂದು ಅವರಿಗೆ ಕೆರೆಯ ದಂಡೆ ದೊರೆಯಬೇಕೋ, ಕೆರೆಯ ಹೆಸರು ಹೊತ್ತ ಬಡಾವಣೆಯಷ್ಟೇ ದೊರೆಯಬೇಕೋ ಎಂಬುದನ್ನು ಇಂದಿನ ಹಿರಿಯರು ನಿರ್ಧರಿಸಬೇಕು.