ಹಾರೋಕೆ ಅಂತ ರೆಕ್ಕೆ ಬರಲಿಲ್ಲ ಸ್ವಾಮಿ!

"ಹಕ್ಕಿಗೆ ಪುಕ್ಕ ಯಾಕಿದೆ?" "ಹಾರೋಕೋಸ್ಕರ." "ಮೂಳೆ ಯಾಕೆ ಟೊಳ್ಳು?" "ಹಗುರ ಆಗೋಕೋಸ್ಕರ." ಮಕ್ಕಳಿಗೆ ಅಂತ ನಾವು ಕನ್ನಡದಲ್ಲಿ ಬರೆಯೋ ಬಹುಪಾಲು ವಿಜ್ಞಾನ ಇಷ್ಟೇ. ಕೊನೆಗೆ "ಪ್ರಕೃತಿಯ ಅದ್ಭುತ ಕೊಡುಗೆ!" ಅಂತ ಒಂದು ಸಾಲು, ಮುಗೀತು. ಈ 'ಓಸ್ಕರ ವಿಜ್ಞಾನ' ಓದಿ ಓದಿ ಸಾಕಾಗಿದೆ ಕಣ್ರೀ.

2018ರ ಜನವರಿಯಲ್ಲಿ ಕೇಂದ್ರ ಮಂತ್ರಿ ಸತ್ಯಪಾಲ್ ಸಿಂಗ್ ಡಾರ್ವಿನ್ ಹೇಳಿದ್ದೇ ತಪ್ಪು ಅಂದಾಗ ನಾವೆಲ್ಲ ಹರಿಹಾಯ್ದೆವು. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಿಂದ ಜೀವವಿಕಾಸದ ಭಾಗ ಹಾರಿಹೋದಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಸರಿಯಾಗೇ ಮಾಡಿದರು. ಹತ್ತನೇ ಕ್ಲಾಸು ಮುಗಿಸಿ ಕಾಮರ್ಸಿಗೋ, ಐಟಿಐಗೋ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೋ ಹೋಗೋ ಮಗುವಿಗೆ ಅದೇ ಕೊನೇ ಅವಕಾಶ. ಆದ್ರೆ ಪಾಠ ಪುಸ್ತಕದಲ್ಲಿ ಇದ್ದಾಗ ಮಾತ್ರ ನಾವು ಹೇಳಿಕೊಟ್ಟಿದ್ದೇನು? ಅದೇ ಓಸ್ಕರ! ದೇವರು ಇದ್ದ ಜಾಗದಲ್ಲಿ 'ಪ್ರಕೃತಿ' ಅನ್ನೋ ಪದ ಕೂರಿಸಿ ವಿಜ್ಞಾನ ಅಂದ್ಕೊಂಡ್ವಿ.

ನಡೆದದ್ದು ತಿರುಗಾಮುರುಗಾ. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಲ್ಲಿ ಸಿಕ್ಕ ಸೈನೋಸಾರೊಪ್ಟೆರಿಕ್ಸ್ ಅನ್ನೋ ಪುಟ್ಟ ಡೈನೋಸಾರಿನ ಮೈಮೇಲೆ ನವಿರಾದ ಪುಕ್ಕದಂಥ ಎಳೆಗಳಿದ್ದವು. ಅದು ಹಾರುತ್ತಿರಲಿಲ್ಲ, ನೆಲದ ಮೇಲೆ ಓಡಾಡುತ್ತಿತ್ತು. ಪುಕ್ಕ ಮೊದಲು ಬಂದದ್ದು ಬಹುಶಃ ಮೈ ಬೆಚ್ಚಗಿಡುತ್ತಿದ್ದುದರಿಂದ, ಹಾರಾಟಕ್ಕೆ ಒದಗಿದ್ದು ಆಮೇಲೆ. ಟೊಳ್ಳು ಮೂಳೆಯೂ ಹಾಗೇ, ನೆಲದಲ್ಲಿ ಬೇಟೆಯಾಡುತ್ತಿದ್ದ ಡೈನೋಸಾರುಗಳಿಗೇ ಇತ್ತು.

"ಇದೆಲ್ಲ ಚಿಕ್ಕ ಮಕ್ಕಳಿಗೆ ಕಷ್ಟ" ಅಂತೀರಾ? ಕೋಳಿಸಾರು ಮಾಡೋ ದಿನ ಹೇಳಿಕೊಡಿ (ಸಸ್ಯಾಹಾರಿಗಳು ಕ್ಷಮಿಸಿ). ಕಾಲಿನ ಮೇಲೆ ಹಲ್ಲಿ ಓತಿಗಳಿಗಿರೋ ಹಾಗೆ ಹುರುಪೆ. ರೆಕ್ಕೆ ಬಿಡಿಸಿದರೆ ತೋಳಲ್ಲಿ ಒಂದು ಮೂಳೆ, ಮುಂಗೈಯಲ್ಲಿ ಎರಡು, ತುದಿಯಲ್ಲಿ ಬೆಸೆದುಕೊಂಡ ಬೆರಳುಗಳು. ಮಗು ತನ್ನ ಕೈ ಪಕ್ಕದಲ್ಲಿಟ್ಟು ನೋಡಲಿ. ಕತ್ತಿನ ಬುಡದಲ್ಲಿ ಕವಣೆಯಂಥ ಮೂಳೆ ಇದೆಯಲ್ಲ, ಅದು ಟಿರನೋಸಾರಸ್‌ಗೂ ಇತ್ತು ಅಂತ ಹೇಳಿ, ಸಾರು ಆರಿಹೋದ್ರೂ ಮಗು ಏಳಲ್ಲ!

ಇನ್ನು ಆಯ್ಕೆ. ದೇವನಹಳ್ಳಿ, ನೆಲಮಂಗಲದ ಕಡೆ ರಾಗಿ ಬೆಳೆಯೋ ಮನೆಯ ಮಗುವಿಗೆ ಬಿತ್ತನೆಗೆ ಒಳ್ಳೇ ತೆನೆ ಆರಿಸಿಡೋದು ಗೊತ್ತು. ಎಲ್ಲ ತೆನೆ ಒಂದೇ ಥರ ಇರಲ್ಲ, ಆರಿಸಿದ್ದೇ ಮುಂದಿನ ಬೆಳೆ. ಕಾಡಿನಲ್ಲಿ ಆರಿಸೋ ರೈತ ಯಾರೂ ಇಲ್ಲ, ಬದುಕುಳಿದು ಮರಿ ಮಾಡಿದ್ದು ಮುಂದುವರಿಯುತ್ತೆ ಅಂದ್ರೆ ಆಯ್ತು. ಅರ್ಧ ಪಾಠ ಹೊಲದಲ್ಲೇ ಮುಗಿದಿರುತ್ತೆ.

ತೇಜಸ್ವಿಯವರ 'ಕರ್ವಾಲೊ' ಓದಿದ ನಾವಂತೂ ಹಾರುವ ಓತಿ ಮರೆಯಬಾರದು. ಅದರದು ಪಕ್ಕೆಲುಬಿನ ಮೇಲೆ ಹರಡಿದ ಚರ್ಮ. ಬಾವಲಿಗೆ ಬೆರಳುಗಳ ನಡುವೆ ಚರ್ಮ. ಹಕ್ಕಿಗೆ ತೋಳಿನ ಮೇಲೆ ಗರಿ. 'ಹಾರೋಕೋಸ್ಕರ' ಯಾರೋ ಕೂತು ಮಾಡಿದ್ದಾದ್ರೆ ಮೂರು ನಮೂನೆ ಯಾಕೆ ಬೇಕಿತ್ತು? ಅವರವರ ಹಿರೀಕರಿಂದ ಬಂದ ಮೈಯಲ್ಲಿ ಏನಿತ್ತೋ ಅದೇ ಬದಲಾಗುತ್ತಾ ಹೋಯ್ತು, ಅಷ್ಟೇ.

ಓಸ್ಕರ ಪಂಡಿತರು ಒಮ್ಮೆ ಮಕ್ಕಳ ಜೊತೆ ಹೊಸಕೋಟೆ ಕೆರೆ ಏರಿಗೆ ಬನ್ನಿ. ಹೆಜ್ಜಾರ್ಲೆ ನೋಡಿ ಬೆರಗಾಗೋದು ಇದ್ದೇ ಇದೆ, ನೀರುಕಾಗೆ ನೋಡಿ. ನೀರಲ್ಲೇ ಮೀನು ಹಿಡಿದು ಬದುಕೋ ಹಕ್ಕಿ, ಅದರ ಗರಿ ಬಾತಿನ ಗರಿ ಥರ ನೀರು ತಡೆಯಲ್ಲ. ಗರಿ ನೆನೆದರೆ ಒಳಗೆ ಗಾಳಿ ಕಡಿಮೆ, ಮುಳುಗೋದು ಸಲೀಸು. ಆದ್ರೆ ಎದ್ದುಬಂದು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಹಾಕಿಕೊಂಡು ಕೂರಬೇಕು. ಅನುಕೂಲಕ್ಕೆ ಒಂದು ಅನಾನುಕೂಲ ಗಂಟು ಬಿದ್ದಿದೆ. "ಅದ್ಯಾಕೆ ಹಾಗೆ ಕೂತಿದೆ?" ಅಂತ ಮಗು ಕೇಳುತ್ತಲ್ಲ, ಆಗ ಯಾವ ಓಸ್ಕರ ಹೇಳ್ತೀರಾ?